ಮಲಗಿದ ಎಂಟು

ಹೆಸರು ಲಿಖಿತ್. ಬರೆಯುವುದು ಮಾತ್ರ ಒಲ್ಲ.
ಜಂಗಮಕೋಟೆ ಕ್ರಾಸಿನ ಕಾನ್ವೆಂಟಿನಲ್ಲಿ ಆರು ತಿಂಗಳು
ಪೆನ್ಸಿಲಿನ ಹಿಂಬದಿ ಕಚ್ಚಿ ಕಚ್ಚಿ ಕುಂಚ ಮಾಡಿದ.
ಎಂಟು ಬರೆ ಅಂದರೆ ಎರಡು ಸೊನ್ನೆ ಬರೆದು
ನಡುವೆ ಜಾಗ ಬಿಡುತ್ತಿದ್ದ.
"ಜಗಳ ಆಡಿದಾವೆ ಮಿಸ್, ಟೂ ಬಿಟ್ಟಿದಾವೆ."
ಮಿಸ್ ನಗಲಿಲ್ಲ. ಡೈರಿಯಲ್ಲಿ ಕೆಂಪು ಶಾಯಿ.

ಈ ವರ್ಷ ಮನೆಯಲ್ಲೇ ಇರಲಿ ಅಂದೆ.
ಅತ್ತೆ ಆಂಜಿನಮ್ಮ ಮೂರು ದಿನ ಮಾತು ಬಿಟ್ಟರು,
ನಾಲ್ಕನೇ ದಿನ ಬಿಟ್ಟ ಮಾತೆಲ್ಲ ಒಟ್ಟಿಗೆ ಬಂತು:
"ಪಿಯುಸಿ ಓದಿದೋಳು ಮೇಷ್ಟ್ರಾಗ್ತಾಳಂತೆ,
ಹುಳದ ಮನೇಲಿ ಇಸ್ಕೂಲಂತೆ!"

ಹೌದು, ಹುಳದ ಮನೆಯಲ್ಲೇ.
ಬೆಳಗ್ಗೆ ಐದೂವರೆಗೆ ಮೊದಲ ಪೀರಿಯಡ್ಡು.
ಕೈ ತೊಳಿ, ಪೌಡರ್ ಹಚ್ಚಬೇಡ,
ಊಜಿ ನೊಣ ನುಗ್ಗುತ್ತೆ, ಜಾಲರಿ ಎಳಿ.
ಸ್ಟ್ಯಾಂಡಿನ ನಾಲ್ಕು ಕಾಲಿಗೂ ನಾಲ್ಕು ಬಟ್ಟಲು ನೀರು,
ಇರುವೆಗೆ ಅದು ಸಮುದ್ರ.
ಹುಣಸೆ ಬೀಜ ಮುಳುಗಿತು, ಸಿಪ್ಪೆ ತೇಲಿತು,
ನನ್ನ ಬಳೆಚೂರು ಮುಳುಗಿತು,
ಅಜ್ಜಿಯ ಸುಣ್ಣದ ಡಬ್ಬಿಯ ಮುಚ್ಚಳ ತೇಲಿತು,
ಸ್ವಲ್ಪ ಹೊತ್ತು.
ಆಮೇಲೆ ಯಾಕೆ ಮುಳುಗಿತು ಅಂತ ಕೇಳಿದ.
ನನಗೂ ಸರಿಯಾಗಿ ಗೊತ್ತಿರಲಿಲ್ಲ.
ಇಬ್ಬರೂ ಮಂಡಿಯೂರಿ ಮತ್ತೆ ತೇಲಿಬಿಟ್ಟೆವು.

ಒಂದೇ ಎಲೆಗೆ ನಮ್ಮಲ್ಲಿ ಎರಡು ಹೆಸರು,
ಅಜ್ಜಿಗೆ ಆಕು, ಪುಸ್ತಕಕ್ಕೆ ಸೊಪ್ಪು.
"ಹುಳಕ್ಕೆ?" ಅಂದ.
ತಿನ್ನುವಾಗ ಏನೋ ಅನ್ನುತ್ತೆ, ನೀನೇ ಕೇಳಿಸಿಕೋ ಅಂದೆ.
ತಟ್ಟೆಯ ಅಂಚಿಗೆ ಕಿವಿಯಿಟ್ಟು ಕೂತ.
ಅಷ್ಟು ಹೊತ್ತು ಅಲುಗದೆ ಕೂತದ್ದು
ಹುಟ್ಟಿದಾಗಿನಿಂದ ಅದೇ ಮೊದಲು.
"ಚರಚರ ಅನ್ನುತ್ತಮ್ಮ. ಅಜ್ಜಿ ಹಪ್ಪಳ ತಿಂದ ಹಾಗೆ."

ಲೆಕ್ಕ ಕಲಿತದ್ದು ಜ್ವರದಿಂದ.
ಹುಳಕ್ಕೆ ನಾಲ್ಕು ಜ್ವರ. ಬಂದಾಗ ತಲೆಯೆತ್ತಿ ಮಲಗುತ್ತೆ,
ಸೊಪ್ಪು ಮುಟ್ಟಲ್ಲ, ಏಳುವಾಗ ಹಳೇ ಅಂಗಿ ಕಳಚಿರುತ್ತೆ.
ಒಂದೊಂದು ಜ್ವರಕ್ಕೂ ಗೋಡೆಗೆ ಒಂದು ಸುಣ್ಣದ ಬೊಟ್ಟು,
ದಾರದಲ್ಲಿ ಅಳತೆ, ದಾರಕ್ಕೆ ಗಂಟು:
ಅಕ್ಕಿಕಾಳಿನಷ್ಟು, ಪಿನ್ನಿನಷ್ಟು, ಅವನ ಕಿರುಬೆರಳಿನಷ್ಟು.
ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ತಾನೂ ನಿಂತ.
ಹೋದ ತಿಂಗಳ ಗೆರೆ, ಈ ತಿಂಗಳ ಗೆರೆ, ಎರಡೂ ಒಂದೇ.
"ನಂಗೂ ಜ್ವರ ಬರಲಿ."
"ಬಿಡ್ತು ಅನ್ನೋ!" ಅಡುಗೆಮನೆಯಿಂದ ಅತ್ತೆ.
ಅವರು ಕೇಳಿಸಿಕೊಳ್ಳುತ್ತಿದ್ದಾರೆಂದು
ಆಗಲೇ ನನಗೆ ಗೊತ್ತಾದದ್ದು.

ಹುಳ ಹಣ್ಣಾದ ದಿನ ಅಪ್ಪನಿಗಿಂತ ಮೊದಲು ಎದ್ದ.
ಒಂದನ್ನೆತ್ತಿ ಬಲ್ಬಿಗೆ ಹಿಡಿದು ನೋಡಿದ,
ಹಸಿರೆಲ್ಲ ಖಾಲಿ, ಒಳಗೆ ಬರೀ ಬೆಳಕು.
"ಇದು ಹಣ್ಣು. ಇದು ಕಾಯಿ. ಇದು ದೋರೆ."
ಆರಿಸಿ ಆರಿಸಿ ಚಂದ್ರಿಕೆಗೆ ಬಿಟ್ಟೆವು.
ಎಲ್ಲರೂ ಟೀ ಕುಡಿಯಲು ಹೋದರೂ ಅವನು ಕದಲಲಿಲ್ಲ.

ನಾನು ಬಾಗಿಲಲ್ಲಿ ನಿಂತು ನೋಡಿದೆ.
ಹುಳ ತಲೆ ಆಡಿಸುತ್ತಿತ್ತು,
ಆ ಕಡೆ ಸುತ್ತಿ, ನಡುವೆ ದಾಟಿ,
ಈ ಕಡೆ ಸುತ್ತಿ, ಮತ್ತೆ ದಾಟಿ.
ಅದರ ಜೊತೆಗೆ ಅವನ ಮೂಗು.
"ಅಮ್ಮಾ, ಇದು ಜಾಗ ಬಿಡ್ತಾನೇ ಇಲ್ಲ."

ಮೊರಕ್ಕೆ ರಾಗಿಹಿಟ್ಟು ಹರಡಿ ಮುಂದಿಟ್ಟೆ,
ಬಾಯಿ ಬಿಡಲಿಲ್ಲ.
ಮೂಗಿನಿಂದ ಹೆಗಲಿಗೆ, ಹೆಗಲಿನಿಂದ ಬೆರಳಿಗೆ
ಮೆಲ್ಲಗೆ ಇಳಿಯಿತು ಎಂಟು,
ಅಡ್ಡಡ್ಡಲಾಗಿ.

ಸೆರಗಿಗೆ ಕೈ ಒರೆಸುತ್ತ ಅತ್ತೆ ಬಗ್ಗಿ ನೋಡಿದರು.
"ಎಂಟೇ ಕಣೇ. ಆದರೆ ಬಿದ್ದೋಗಿದೆಯಲ್ಲೋ!"
"ಬಿದ್ದಿಲ್ಲ ಅಜ್ಜಿ, ಜ್ವರಕ್ಕೆ ಮಲಗಿದೆ.
ಯಾರೂ ಮುಟ್ಟಬೇಡಿ."

ರಾತ್ರಿ ಮುದ್ದೆಗೆ ಹಿಟ್ಟಿರಲಿಲ್ಲ, ಇದ್ದದ್ದೆಲ್ಲ ಮೊರದಲ್ಲಿ.
ಅತ್ತೆ ಚಪ್ಪಲಿ ಮೆಟ್ಟಿ ಪಕ್ಕದ ಮನೆಗೆ ಹೋಗಿ
ಒಂದು ಸೇರು ಕಡ ತಂದರು.